ಕಲ್ಲುಮನೆಯ ಬಾಗಿಲಲ್ಲಿ

ಐರ್ಲೆಂಡಿನ ಬೆಟ್ಟಗಳನ್ನು ಬೆಟ್ಟಗಳೆಂದು ಕರೆಯಲು ನಮ್ಮ ಕಡೆಯವರಿಗೆ ಮೊದಮೊದಲು ಸ್ವಲ್ಪ ಸಂಕೋಚವಾಗುತ್ತದೆ. ಆ ದ್ವೀಪದ ವಾಯವ್ಯದಲ್ಲಿ ಸ್ಲೈಗೋ ಎಂಬ ಜಿಲ್ಲೆಯಿದೆ. ಅದರ ದಕ್ಷಿಣದ ಅಂಚಿನಲ್ಲಿರುವ ಒಂದು ಸಾಲು ಗುಡ್ಡಗಳಿಗೆ ಬ್ರಿಕ್‌ಲೀವ್ ಪರ್ವತಗಳೆಂದು ಹೆಸರು. ಪರ್ವತಗಳು! ಅವುಗಳ ನೆತ್ತಿ ಸಮುದ್ರಮಟ್ಟದಿಂದ ಸುಮಾರು 320 ಮೀಟರು. ನಾನು ಚೀಲ ಹಿಡಿದು ಬದನೆಕಾಯಿ ತರಲು ಹೋಗುವ ಮೈಸೂರಿನ ದೇವರಾಜ ಮಾರುಕಟ್ಟೆಯೇ ಅದರ ಎರಡರಷ್ಟಕ್ಕಿಂತ ಎತ್ತರದಲ್ಲಿದೆ. ಈ ಲೆಕ್ಕ ಹಿಡಿದರೆ ನಾನು ನಲವತ್ತು ವರ್ಷಗಳಿಂದ ಪರ್ವತಾರೋಹಣ ಮಾಡುತ್ತ ಬಂದಿದ್ದೇನೆ. ಯಾರೂ ನನಗೊಂದು ಪದಕ ಕೊಡಲಿಲ್ಲ.

ಆದರೆ ಅಲ್ಲಿ ನೆಲವೇ ಸಮುದ್ರಕ್ಕೆ ಹತ್ತಿರ. ಹಸುರು ಗದ್ದೆಬಯಲಿನ ನಡುವಿನಿಂದ ಈ ಗುಡ್ಡಗಳು ನೆಟ್ಟಗೆ ಎದ್ದು ನಿಲ್ಲುತ್ತವೆ. ಸುಣ್ಣಕಲ್ಲಿನ ಒಂದು ದೊಡ್ಡ ಹಲಗೆಯನ್ನು ಯಾರೋ ಕೊಡಲಿಯಿಂದ ಉದ್ದುದ್ದಕ್ಕೆ ಸೀಳಿ, ಸೀಳುಗಳನ್ನು ಸ್ವಲ್ಪ ದೂರ ದೂರ ಸರಿಸಿಟ್ಟ ಹಾಗೆ ಅವುಗಳ ರಚನೆ. ನಡುನಡುವೆ ಆಳವಾದ, ನೇರವಾದ ಕಣಿವೆಗಳು. ಇಕ್ಕೆಲದಲ್ಲಿ ಬೂದುಬಣ್ಣದ ಬಂಡೆಗೋಡೆ. ಮೇಲೆ ಹೆದರ್ ಎಂಬ ಕುರುಚಲು ಗಿಡ ಕಪ್ಪಾಗಿ ಹಬ್ಬಿದೆ. ಅದರ ನಡುವೆ ಸುಣ್ಣಕಲ್ಲು ಬೆಳ್ಳಗೆ ಇಣುಕುತ್ತದೆ. ಬ್ರಿಕ್‌ಲೀವ್ ಎಂದರೆ ಐರಿಷ್ ಭಾಷೆಯಲ್ಲಿ ಚುಕ್ಕೆಬೆಟ್ಟ ಎಂದೇ ಅರ್ಥವಂತೆ. ಹೆಸರಿಟ್ಟವರು ಕಣ್ಣಿದ್ದವರು. ಕೆಳಗೆ ಪೂರ್ವಕ್ಕೆ ಆರೋ ಎಂಬ ಸರೋವರ. ಅದರ ನಡುಗಡ್ಡೆಗಳ ಮೇಲಿನ ಮರಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಗುಡ್ಡದ ಒಂದು ಭಾಗಕ್ಕೆ ಕರೋಕೀಲ್ ಎಂದು ಹೆಸರು; ಹಾಗೆಂದರೆ 'ಇಕ್ಕಟ್ಟಾದ ಕಾಲುಪಾಲು'. ಇದು ಹಳೆಯ ಕಾಲದ ಭೂಮಿಯ ಅಳತೆಯ ಮಾತು, ನಮ್ಮ ಶಾನುಭೋಗರ ಲೆಕ್ಕದ ಹಾಗೆ. ಇಂಥ ಒಣ ಹೆಸರಿನ ಜಾಗದಲ್ಲಿಯೇ ಐದು ಸಾವಿರ ವರ್ಷಗಳಿಗೂ ಹಿಂದಿನ ಹದಿನಾಲ್ಕು ಕಲ್ಲುಗೋರಿಗಳಿವೆ. ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗೆ ಇವು ಅಣ್ಣಂದಿರು.

ಮಗಳು ಡಬ್ಲಿನ್ನಿನಲ್ಲಿದ್ದಾಳೆ. ನಾನೂ ನನ್ನಾಕೆಯೂ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದೆವು. ಅಲ್ಲಿನ ಬೇಸಿಗೆ ಎಂದರೆ ಸ್ವೆಟರಿನ ಮೇಲಿನ ಕೋಟನ್ನು ಮಾತ್ರ ತೆಗೆಯಬಹುದಾದ ಕಾಲ. ಜೂನ್ ತಿಂಗಳ ಒಂದು ಶನಿವಾರ ಅವಳು ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ಲೈಗೋ ರಸ್ತೆ ಹಿಡಿದಳು. ಕ್ಯಾಸಲ್‌ಬಾಲ್ಡ್ವಿನ್ ಎಂಬ ಪುಟ್ಟ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದೆವು. ಎದುರಿನಿಂದ ಇನ್ನೊಂದು ಕಾರು ಬಂದರೆ ಇಬ್ಬರಲ್ಲಿ ಒಬ್ಬರು ಬೇಲಿಯೊಳಕ್ಕೆ ನುಗ್ಗಬೇಕು. ಅಷ್ಟು ಸಣ್ಣ ದಾರಿ. ಬೇಲಿಯಾದರೋ ಹೂವಿನದು. ಬಿಳಿಯ ಹೂವಿನ ಮುಳ್ಳುಗಿಡ, ನೇರಳೆ ಬಣ್ಣದ ಗಂಟೆಹೂ, ಎದೆಯೆತ್ತರದ ಜರಿಗಿಡ. ಬೇಲಿ ಮುಗಿದಲ್ಲಿ ಗಾರೆಯಿಲ್ಲದೆ ಜೋಡಿಸಿದ ಮೋಟು ಕಲ್ಲುಗೋಡೆ. ಅದರ ಆಚೆ ಬೆನ್ನಿಗೆ ನೀಲಿ ಬಣ್ಣ ಬಳಿಸಿಕೊಂಡ ಕುರಿಗಳು. ಯಾರ ಕುರಿ ಯಾವುದೆಂದು ತಿಳಿಯಲು ಈ ಬಣ್ಣವಂತೆ. ಹೋಳಿಹಬ್ಬ ಮುಗಿಸಿಕೊಂಡು ಬಂದಂತಿದ್ದ ಅವು ನಮ್ಮನ್ನು ನೋಡಿ ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

ದಾರಿಯ ಕೊನೆಯಲ್ಲಿ ಒಂದು ಗೇಟು. ಅದನ್ನು ದಾಟಿದವರು ಮತ್ತೆ ಮುಚ್ಚಬೇಕು. ನಾವು ಮುಚ್ಚುತ್ತಿದ್ದಾಗ ಅಲ್ಲಿಯ ರೈತರೊಬ್ಬರು ನಾಯಿಯೊಂದಿಗೆ ಬಂದರು. ಎಪ್ಪತ್ತು ದಾಟಿದ ವಯಸ್ಸು. ನಾವು ಇಂಡಿಯಾದವರೆಂದು ತಿಳಿದು, ಇಷ್ಟು ದೂರದಿಂದ ನಮ್ಮ ಕಲ್ಲು ನೋಡಲು ಬಂದಿರಾ ಎಂದು ಸಂತೋಷಪಟ್ಟರು. ಸಣ್ಣಗೆ ತುಂತುರು ಬೀಳುತ್ತಿತ್ತು. ಅದನ್ನು ಅವರು ಮಳೆಯೆನ್ನಲಿಲ್ಲ, 'ಇವತ್ತು ಮೆತ್ತನೆಯ ದಿನ' ಎಂದರು. ಮಳೆಗೆ ಇಷ್ಟು ಮರ್ಯಾದೆಯ ಹೆಸರನ್ನು ನಮ್ಮ ಮಲೆನಾಡಿನವರೂ ಇಟ್ಟ ಹಾಗಿಲ್ಲ. ಸಂಜೆಗೆ ಆಕಾಶ ತೆರವಾಗುತ್ತದೆ, ನಿಧಾನವಾಗಿ ಹೋಗಿ ಎಂದು ಹೇಳಿ, ಹೊರಟವರು ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು: "ಮೇಲಿನಿಂದ ಒಂದು ಚೂರು ಕಲ್ಲನ್ನೂ ಕೆಳಗೆ ತರಬೇಡಿ. ನಮ್ಮಜ್ಜ ನಮ್ಮನ್ನು ಬೆಟ್ಟಕ್ಕೆ ಕುರಿ ಹೊಡೆಯಲು ಕಳಿಸುವಾಗಲೆಲ್ಲ ಈ ಮಾತು ಹೇಳುತ್ತಿದ್ದರು."

"ತಂದರೆ ಏನಾಗುತ್ತದೆ?" ಎಂದು ಮಗಳು ಕೇಳಿದಳು.

"ಗೊತ್ತಿಲ್ಲಮ್ಮ. ನಾವು ಯಾರೂ ತರಲಿಲ್ಲ" ಎಂದರು ಅವರು.

ನನ್ನಾಕೆಗೆ ಆ ಮುದುಕರು ಅಲ್ಲಿಯೇ ಹಿಡಿಸಿಬಿಟ್ಟರು.

ಹತ್ತುವುದು ಕಷ್ಟವಲ್ಲ. ಕುರಿಗಳು ಮಾಡಿದ ದಾರಿಯಿದೆ. ಪಕ್ಕಕ್ಕೆ ಕಾಲಿಟ್ಟರೆ ಮಾತ್ರ ನೆಲ ನೀರಿಳಿಸಿದ ಅವಲಕ್ಕಿಯ ಹಾಗೆ ಮೆತ್ತಗೆ ಕುಸಿಯುತ್ತದೆ. ಇದು ಪೀಟ್ ಎಂಬ ಕಪ್ಪು ಮಣ್ಣು. ಸಾವಿರಾರು ವರ್ಷ ಹುಲ್ಲು ಪಾಚಿಗಳು ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದದ್ದು. ಇದನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿ, ಒಣಗಿಸಿ, ನಾವು ಬೆರಣಿ ಉರಿಸುವಂತೆ ಆ ದೇಶದವರು ತಲೆಮಾರುಗಟ್ಟಲೆ ಉರಿಸಿಕೊಂಡು ಬಂದಿದ್ದಾರೆ. ಗೋರಿಗಳನ್ನು ಕಟ್ಟಿದ ಮೇಲೆ ಈ ಮಣ್ಣು ಬೆಟ್ಟದ ಮೇಲೆ ಬೆಳೆಯಿತು. ಅವುಗಳನ್ನು ಕಟ್ಟಿದವರು ಕಂಡ ಬೆಟ್ಟ ಬೇರೆ, ನಾವು ಕಾಣುವ ಬೆಟ್ಟ ಬೇರೆ.

ನೆತ್ತಿಯನ್ನು ಸೇರುವ ಹೊತ್ತಿಗೆ ಮುದುಕರ ಮಾತು ನಿಜವಾಯಿತು. ಮೋಡ ಪಶ್ಚಿಮದಿಂದ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡಿತು. ಉತ್ತರಕ್ಕೆ ದೂರದಲ್ಲಿ ಬೆನ್ ಬುಲ್ಬೆನ್ ಎಂಬ ಮೇಜಿನಂಥ ಬೆಟ್ಟ. ಅದರ ಬುಡದ ಊರಿನ ಇಗರ್ಜಿಯ ಅಂಗಳದಲ್ಲಿ ಕವಿ ಯೇಟ್ಸ್ ಮಲಗಿದ್ದಾನೆ. ಸಮುದ್ರದ ಕಡೆಗೆ ನಾಕ್‌ನರೇ ಎಂಬ ಇನ್ನೊಂದು ಬೆಟ್ಟ. ಅದರ ನೆತ್ತಿಯ ಮೇಲೆ, ಇಷ್ಟು ದೂರಕ್ಕೂ ಕಾಣುವಂತೆ, ಒಂದು ಮೊಲೆತೊಟ್ಟಿನಂಥ ಉಬ್ಬು. ಅದು ಕಲ್ಲಿನ ರಾಶಿ, ಹತ್ತು ಮೀಟರು ಎತ್ತರ. ಕಥೆಯ ರಾಣಿ ಮೇವ್ ಅದರೊಳಗೆ ಇದ್ದಾಳೆಂದು ಜನರ ನಂಬಿಕೆ. ಇದುವರೆಗೆ ಅದನ್ನು ಯಾರೂ ಅಗೆದು ನೋಡಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಗೋರಿಗಳಿಗೆ ಹೆಸರಿಲ್ಲ, ಅಕ್ಷರಗಳಿವೆ: ಎ, ಬಿ, ಸಿ ಎಂದು. 1911ರಲ್ಲಿ ಇವುಗಳನ್ನು ಅಗೆದವರು ಇಟ್ಟ ಗುರುತು. ರಾಣಿಯರು ಮಲಗಿರಬಹುದಾದ ಮನೆಗೆ 'ಕೆ' ಎಂದೂ 'ಜಿ' ಎಂದೂ ಕರೆಯುವುದು, ಹೊಸ ಬಡಾವಣೆಯಲ್ಲಿ ನಿವೇಶನಕ್ಕೆ ನಂಬರು ಹಾಕಿದ ಹಾಗೆ ಕೇಳುತ್ತದೆ. ಹೊರಗಿನಿಂದ ನೋಡಿದರೆ ಪ್ರತಿಯೊಂದೂ ಬರಿಯ ಕಲ್ಲುಗುಡ್ಡೆ. ರಸ್ತೆ ಕೆಲಸಕ್ಕೆ ಜಲ್ಲಿ ಸುರಿದಿದ್ದಾರೆಯೆ ಎನ್ನಬೇಕು. ಬಾಗಿಲು ಕಂಡಾಗಲೇ ಮನಸ್ಸು ಬದಲಾಗುವುದು. ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು. ಒಳಗೆ ಕಿರಿದಾದ ಓಣಿ, ತೆವಳಿಯೇ ಹೋಗಬೇಕು. ಓಣಿಯ ಕೊನೆಗೆ ಒಂದು ಕೋಣೆ. ಕೋಣೆಗೆ ಎದುರಿಗೊಂದು, ಎಡಕ್ಕೊಂದು, ಬಲಕ್ಕೊಂದು ಗೂಡು. ಚಪ್ಪಡಿಯ ಮೇಲೆ ಚಪ್ಪಡಿಯನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ಚಾಚಿಟ್ಟು, ಕೊನೆಗೆ ಒಂದು ಕಲ್ಲಿನಿಂದ ನೆತ್ತಿ ಮುಚ್ಚಿದ್ದಾರೆ. ಗಾರೆಯಿಲ್ಲ, ಲೋಹದ ಉಳಿಯಿಲ್ಲ, ಕಮಾನಿನ ವಿದ್ಯೆಯಿಲ್ಲ. ಚಾಚುಗಲ್ಲಿನ ಇದೇ ಉಪಾಯವನ್ನು ನಮ್ಮ ಹೊಯ್ಸಳ ಶಿಲ್ಪಿಗಳು ಭುವನೇಶ್ವರಿಗಳಲ್ಲಿ ಎಲ್ಲಿಂದ ಎಲ್ಲಿಗೋ ಒಯ್ದರು. ಅವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ತಲೆಯ ಮೇಲೆ ಕಲ್ಲು ಬೀಳದಂತೆ ನಿಲ್ಲಿಸಬೇಕೆಂಬ ಯೋಚನೆ ಎಲ್ಲ ಕಡೆಯೂ ಒಂದೇ.

'ಜಿ' ಎಂಬ ಗೋರಿಯ ಬಾಗಿಲ ಮೇಲೆ ಇನ್ನೊಂದು ಚಿಕ್ಕ ಕಂಡಿಯಿದೆ. ನ್ಯೂಗ್ರೇಂಜ್ ಎಂಬಲ್ಲಿಯ ದೊಡ್ಡ ಗೋರಿಗೂ ಇಂಥದೇ ಕಂಡಿ. ಪ್ರೊಫೆಸರ್ ಓಕೆಲಿ ಎಂಬುವರು ಅದನ್ನು ಅಗೆಯುತ್ತಿದ್ದ ಕಾಲದಲ್ಲಿ, 1967ರ ಡಿಸೆಂಬರ್ 21ರಂದು ಒಳಗೆ ಕುಳಿತು ನೋಡಿದರು. ಉತ್ತರಾಯಣಕ್ಕೆ ತಿರುಗುವ ಸೂರ್ಯನ ಮೊದಲ ಕಿರಣ ಆ ಕಂಡಿಯಿಂದ ಇಳಿದು ಕೋಣೆಯ ತುದಿಯವರೆಗೆ ಬಂತು. ಅಲ್ಲಿ ಚಳಿಗಾಲದ ಉದಯ, ಇಲ್ಲಿ ಬೇಸಿಗೆಯ ಅಸ್ತ. ಕರೋಕೀಲಿನ ಬಾಗಿಲು ವಾಯವ್ಯಕ್ಕೆ ಮುಖ ಮಾಡಿದೆ. ಜೂನ್ ನಡುವಿನ ದಿನಗಳಲ್ಲಿ ಮುಳುಗುವ ಸೂರ್ಯನ ಬೆಳಕು ಕಂಡಿಯ ಮೂಲಕ ಒಳಕ್ಕೆ ಬೀಳುತ್ತದೆ. ಅದನ್ನು ನೋಡಲೆಂದೇ ನಾವು ಸಂಜೆಗೆ ಹೊರಟದ್ದು. ಸಂಜೆಯೆಂದರೆ ಏನು! ಆ ದೇಶದಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ಮೇಲೆ. ಸಂಧ್ಯಾವಂದನೆಯನ್ನು ಊಟವಾದ ಮೇಲೆ ಮಾಡಬೇಕಾದ ದೇಶ ಅದು.

ಕಾಯಲು ಇನ್ನೂ ಎರಡು ಗಂಟೆಯಿತ್ತು. ಬಂಡೆಯ ಮರೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಚಿತ್ರಾನ್ನ. ಒಂದು ಕುರಿ ಬಂದು ಮೂಸಿ ನೋಡಿ, ಇಂಗಿನ ವಾಸನೆಗೋ ಏನೋ, ದೂರ ಸರಿಯಿತು. ಆಗ ಮಗಳು, "ಅಮ್ಮ, ನೀನೂ ಒಂದು ಸಲ ಬಾಗಿಲ ಹತ್ತಿರ ಬಗ್ಗಿ ನೋಡು" ಎಂದಳು.

"ನಾನು ಬರುವುದಿಲ್ಲ. ಗೋರಿಯೊಳಗೆ ತಲೆ ಹಾಕಿದರೆ ಸ್ನಾನವಾಗಬೇಕು. ಇಲ್ಲಿ ಸ್ನಾನ ಎಲ್ಲಿ?"

"ಕೆರೆ ಇದೆಯಲ್ಲ" ಎಂದೆ ನಾನು.

"ನೀವು ಹೋಗಿ ಮುಳುಗಿ ಬನ್ನಿ, ಆಮೇಲೆ ಯೋಚಿಸುತ್ತೇನೆ." ಆರೋ ಸರೋವರದ ನೀರಿನ ತಣ್ಣಗಿನ ಪರಿಚಯ ನನಗೆ ಮಧ್ಯಾಹ್ನವೇ ಕೈ ತೊಳೆಯುವಾಗ ಆಗಿತ್ತು. ಸುಮ್ಮನಾದೆ.

ಮಗಳು ಓದಿಕೊಂಡು ಬಂದಿದ್ದಳು. 1911ರ ಕಥೆ ಹೇಳಿದಳು. ಅಗೆದವರು ಮುಖ್ಯವಾಗಿ ಮೂವರು. ಡಬ್ಲಿನ್ನಿನ ಪುರಾತತ್ತ್ವದ ಪ್ರಾಧ್ಯಾಪಕ ಮೆಕಲಿಸ್ಟರ್, ಆರ್ಮ್‌ಸ್ಟ್ರಾಂಗ್ ಎಂಬ ಇನ್ನೊಬ್ಬ ವಿದ್ವಾಂಸ, ಮತ್ತು ಸಸ್ಯಶಾಸ್ತ್ರಜ್ಞ ಪ್ರೇಗರ್. ಈ ಪ್ರೇಗರ್ ಐರ್ಲೆಂಡನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದ ಮನುಷ್ಯ. 1937ರಲ್ಲಿ ಅವನು ಬರೆದ ತಿರುಗಾಟದ ಪುಸ್ತಕದಲ್ಲಿ ಈ ಬೆಟ್ಟದ ಒಂದು ಗೋರಿಯನ್ನು ಹೊಕ್ಕ ಸಂಗತಿ ಬರುತ್ತದೆ. ಸಾವಿರಾರು ವರ್ಷ ಮುಚ್ಚಿದ್ದ ಜಾಗಕ್ಕೆ ಅವನೇ ಮೊದಲು ತೆವಳಿಕೊಂಡು ಹೋದ. ಮೇಣದಬತ್ತಿ ಹೊತ್ತಿಸಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ನಿಂತ. ಎಲ್ಲದರ ಮೇಲೂ ಸಣ್ಣ ಧೂಳು. ಮಣಿಗಳು, ಜಿಂಕೆಯ ಕೊಂಬಿನ ಉಪಕರಣಗಳು, ಜೀರ್ಣವಾದ ಮಡಕೆಯ ಚೂರುಗಳು. ಗೂಡುಗಳ ಚಪ್ಪಟೆಗಲ್ಲಿನ ಮೇಲೆ ಸುಟ್ಟ ಮೂಳೆಗಳು. ಪುಟ್ಟ ಮಕ್ಕಳವು.

ಅಷ್ಟು ಹೊತ್ತೂ ಡಬ್ಬಿಯ ಮುಚ್ಚಳ ಒರೆಸುತ್ತಿದ್ದ ನನ್ನಾಕೆ ಕೈ ನಿಲ್ಲಿಸಿ, "ಅವನ್ನೇನು ಮಾಡಿದರು?" ಎಂದಳು.

"ಕೇಂಬ್ರಿಡ್ಜಿಗೆ ಕಳಿಸಿದರು. ಮೆಕಲಿಸ್ಟರನ ತಂದೆಯೇ ಅಲ್ಲಿ ಅಂಗರಚನಾಶಾಸ್ತ್ರದ ಪ್ರೊಫೆಸರು. ಅವರು ಪರೀಕ್ಷೆ ಮಾಡಿ ವರದಿ ಬರೆದರು."

"ಆಮೇಲೆ ತಂದು ಇಟ್ಟರೇ?"

"ಇಲ್ಲಮ್ಮ. ಈ ಬೆಟ್ಟಕ್ಕೆ ತಿರುಗಿ ಬರಲಿಲ್ಲ."

ಇಲ್ಲಿಂದ ತಾಯಿ ಮಗಳಿಗೆ ಚರ್ಚೆ ಹತ್ತಿತು. ಮಗಳ ವಾದ ಬಲವಾಗಿತ್ತು. 1911ರವರು ಇಂದಿನ ಲೆಕ್ಕಕ್ಕೆ ಅವಸರದಿಂದ ಅಗೆದರು, ನಿಜ. ಆದರೆ ಮೂಳೆಗಳನ್ನು ಕಾಪಾಡಿದ್ದರಿಂದ ತಾನೇ ಇಂದು ಆ ಜನರ ವಿಷಯ ಗೊತ್ತಾಗುತ್ತಿರುವುದು? ನೂರು ವರ್ಷದ ಮೇಲೆ ವಿದ್ವಾಂಸರು ಅವುಗಳನ್ನು ಮತ್ತೆ ತೆಗೆದು ನೋಡಿ 2017ರಲ್ಲಿ ಪ್ರಕಟಿಸಿದರು. ಕಡಿಮೆಯೆಂದರೆ 22 ಜನರ ಮೂಳೆಗಳು. ಕೆಲವರ ಕೀಲುಗಳ ಹತ್ತಿರ ಕಲ್ಲಿನ ಉಪಕರಣದಿಂದ ಕೊಯ್ದ ಗೆರೆಗಳು. ಸತ್ತವರ ದೇಹವನ್ನು ಬಿಡಿಸಿ, ಕೆಲವನ್ನು ಸುಟ್ಟು, ಕೆಲವನ್ನು ಸುಡದೆ, ಇಲ್ಲಿಗೆ ತಂದಿಡುತ್ತಿದ್ದರು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಲಾರಾ ಕ್ಯಾಸಿಡಿ ಮತ್ತು ಸಂಗಡಿಗರು ಹಳೆಯ ಮೂಳೆಗಳ ಡಿಎನ್‌ಎ ಓದಿದರು. ನ್ಯೂಗ್ರೇಂಜಿನ ಗೋರಿಯಲ್ಲಿ ಸಿಕ್ಕ ಒಬ್ಬ ಗಂಡಸಿನ ತಂದೆತಾಯಿಗಳು ಒಡಹುಟ್ಟಿದವರಷ್ಟು, ಅಥವಾ ಹೆತ್ತವರು ಮಕ್ಕಳಷ್ಟು, ಹತ್ತಿರದ ರಕ್ತದವರು. ಅವನ ದೂರದ ನೆಂಟರು ಸುಮಾರು 130 ಕಿಲೋಮೀಟರು ಆಚೆ ಈ ಕರೋಕೀಲಿನಲ್ಲಿ ಸಿಕ್ಕಿದರು. ಇದರಿಂದ ಆ ಕಾಲದಲ್ಲಿ ದೇವಾಂಶದವರೆನಿಸಿಕೊಂಡ ಅರಸುಮನೆತನ ಒಂದಿತ್ತೆಂದು ಅವರ ತರ್ಕ. ಹಾಗೇನೂ ಅಲ್ಲ, ಒಬ್ಬನಿಂದ ಮನೆತನ ಕಟ್ಟಬೇಡಿ ಎಂದು 2025ರಲ್ಲಿ ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಇದಕ್ಕಿಂತ ಸೋಜಿಗ ಇನ್ನೊಂದುಂಟು. ನ್ಯೂಗ್ರೇಂಜಿನ ನೆರೆಯಲ್ಲೇ ಇರುವ ಡೌಥ್ ಎಂಬ ಗೋರಿಯನ್ನು ಕಟ್ಟಿಸಿದ ರಾಜ ಒಡಹುಟ್ಟಿದವಳನ್ನು ಕೂಡಿದ ಪಾಪದ ಕಥೆ ಹನ್ನೊಂದನೆಯ ಶತಮಾನದ ಹೊತ್ತಿಗೇ ಬರೆದಿಟ್ಟದ್ದಿದೆ. ನಾಲ್ಕು ಸಾವಿರ ವರ್ಷ ಒಂದು ಗುಟ್ಟು ಬಾಯಿಂದ ಬಾಯಿಗೆ ಬಂತೆಂದು ನಂಬಲು ನನಗೆ ಧೈರ್ಯವಿಲ್ಲ. ಕಾಕತಾಳೀಯವೆಂದು ತಳ್ಳಿಬಿಡಲೂ ಮನಸ್ಸಿಲ್ಲ.

"ಇದೆಲ್ಲ ತಿಳಿದು ಬಂದದ್ದು ಒಳ್ಳೆಯದೇ. ಬೇಡವೆಂದೆನೇ? ತಿಳಿದಾಯಿತಲ್ಲ, ಇನ್ನಾದರೂ ಮಕ್ಕಳನ್ನು ಅವರ ಮನೆಗೆ ತಂದು ಬಿಡಬಹುದಿತ್ತು" ಎಂದಳು ನನ್ನಾಕೆ.

ಮಗಳು, "ನಾಳೆ ಇನ್ನೂ ಒಳ್ಳೆಯ ಪರೀಕ್ಷೆ ಬರುತ್ತದಮ್ಮ, ಆಗ ಮತ್ತೆ ಬೇಕಾಗುತ್ತವೆ" ಎಂದಳು. ಇದಕ್ಕೂ ಉತ್ತರವಿಲ್ಲ. ಆದರೆ 'ನಾಳೆ'ಗೆ ಕೊನೆಯಿಲ್ಲವಲ್ಲ.

ಈ ಮಾತಿನ ಹಿಂದೆ ಮಗಳಿಗೆ ಅಷ್ಟಾಗಿ ತಿಳಿಯದ ಒಂದು ಸಂಗತಿಯಿತ್ತು. ಅವಳಿಗಿಂತ ಮೊದಲು ನಮಗೊಂದು ಗಂಡುಮಗು ಆಗಿತ್ತು. ಏಳು ತಿಂಗಳು ಬದುಕಿತ್ತು. ನಮ್ಮಲ್ಲಿ ಅಷ್ಟು ಎಳೆಯ ಮಕ್ಕಳನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ನಾನಾಗ ಕೆಲಸಕ್ಕಿದ್ದ ಊರಿನ ಕೆರೆಯ ಹಿಂದೆ, ಒಂದು ಹೊಂಗೆಯ ಮರದ ಕೆಳಗೆ, ನಾನೂ ನನ್ನ ಮಾವನವರೂ ಹೋಗಿ ಆ ಕೆಲಸ ಮಾಡಿ ಬಂದೆವು. ಹೆಂಗಸರು ಬರುವ ಪದ್ಧತಿಯಿಲ್ಲ. ಅವಳು ಆ ಜಾಗ ನೋಡಲೇ ಇಲ್ಲ. ಹಲವು ವರ್ಷಗಳ ಮೇಲೆ ಒಮ್ಮೆ ತೋರಿಸಿ ಎಂದಳು. ಕರೆದುಕೊಂಡು ಹೋದೆ. ಕೆರೆಯೂ ಇರಲಿಲ್ಲ, ಹೊಂಗೆಯೂ ಇರಲಿಲ್ಲ. ಮೂರು ಅಡ್ಡರಸ್ತೆ, ಎರಡು ಮುಖ್ಯರಸ್ತೆಯ ಒಂದು ಬಡಾವಣೆ ಎದ್ದಿತ್ತು. ಯಾರದೋ ಮನೆಯ ಮುಂದೆ ರಂಗೋಲಿ ಹಾಕಿತ್ತು. ಇಲ್ಲೇ ಎಲ್ಲೋ ಇರಬೇಕು ಎಂದೆ. ಅವಳು ಆ ರಂಗೋಲಿಯನ್ನು ಸ್ವಲ್ಪ ಹೊತ್ತು ನೋಡಿ, ಹೋಗೋಣ ಎಂದಳು. ಆ ಮಾತನ್ನು ನಾವು ಮತ್ತೆ ಎತ್ತಿದ್ದಿಲ್ಲ. ಬ್ರಿಕ್‌ಲೀವ್ ಬೆಟ್ಟದ ಮೇಲೂ ಎತ್ತಲಿಲ್ಲ.

ನಾನು ವಿಷಯ ಬದಲಿಸಬೇಕೆಂದು ಮೆಡೋಸ್ ಟೇಲರನ ಕಥೆ ತೆಗೆದೆ. ಸುರಪುರದ ಕಡೆಯ ಓದುಗರಿಗೆ ಈ ಹೆಸರು ಹೊಸದಲ್ಲ. ಅವನಿದ್ದ ಬಂಗಲೆ ಟೇಲರ್ ಮಂಜಿಲ್ ಅಲ್ಲಿದೆ. 1841ರಿಂದ 1853ರವರೆಗೆ ಆ ಸಂಸ್ಥಾನದ ಆಡಳಿತ ನಡೆಸಿದವನು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರಂತೆ. ಅವನು ರಾಜನಕೋಳೂರು, ಜೇವರ್ಗಿ ಮುಂತಾದ ಕಡೆಗಳಲ್ಲಿ ಕಲ್ಲುಚಪ್ಪಡಿಯ ಗೋರಿಗಳನ್ನು ಕಂಡ. ಕೆಲವನ್ನು ಅಗೆದು, ಮಣ್ಣಿನ ಪದರಪದರವನ್ನೂ ಚಿತ್ರ ಬರೆದ. 1860ರಲ್ಲಿ ಇಂಡಿಯಾ ಬಿಟ್ಟು ಹೋಗಿ ನೆಲೆಸಿದ್ದು ಡಬ್ಲಿನ್ನಿನಲ್ಲಿ. ದಖನ್ನಿನ ಆ ಗೋರಿಗಳ ವಿಚಾರದ ಅವನ ದೀರ್ಘ ಲೇಖನ ಆ ದಶಕದಲ್ಲಿ ಅಚ್ಚಾದದ್ದು ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ. ಕರೋಕೀಲಿನ ವರದಿಯನ್ನು 1912ರಲ್ಲಿ ಅಚ್ಚು ಹಾಕಿದ್ದೂ ಅದೇ ಅಕಾಡೆಮಿ. ನಮ್ಮ ಕಲ್ಲುಮನೆಗಳೂ ಇವರ ಕಲ್ಲುಮನೆಗಳೂ ಒಂದೇ ಜನಾಂಗದ ಕೈಕೆಲಸವಿರಬೇಕೆಂದು ಟೇಲರನ ಊಹೆ. ಅದು ನಿಲ್ಲಲಿಲ್ಲ. ನಮ್ಮವು ಹೆಚ್ಚಿನವು ಕಬ್ಬಿಣದ ಯುಗದವು. ಇವುಗಳಿಗಿಂತ ಎರಡು ಸಾವಿರ ವರ್ಷವಾದರೂ ಕಿರಿಯವು. ಆದರೂ ನಾನು ಹಿಂದೆ ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಬೆಟ್ಟ ಹತ್ತಿ, ಗೋಡೆಚಪ್ಪಡಿಯಲ್ಲಿ ದುಂಡಗೆ ಕಿಂಡಿ ಕೊರೆದ ನೂರಾರು ಕಲ್ಲುಮನೆಗಳ ನಡುವೆ ಓಡಾಡಿದವನು. ಅದೇ ಗಾಳಿ, ಅದೇ ಮೌನ, ಅದೇ ಕೆಳಗಿನ ಹಸುರು ಗದ್ದೆ. ಟೇಲರನಿಗೆ ಏಕೆ ಹಾಗೆನ್ನಿಸಿತೆಂದು ಕೇಳಿದರೆ ನಾನು ಅವನ ಪರವಾಗಿ ಸಾಕ್ಷಿ ಹೇಳಬಲ್ಲೆ.

ಹಿರೇಬೆಣಕಲ್ಲಿನ ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರು ಗೇಣೆತ್ತರದ ಜನ; ಅವರು ಅಲ್ಲಿ ಸಂಸಾರ ಮಾಡಿಕೊಂಡಿದ್ದರು. ಬೇರೆ ಕಡೆ ಇಂಥವಕ್ಕೆ ಪಾಂಡವರ ಮನೆಯೆಂದು ಹೆಸರು. ವನವಾಸದಲ್ಲಿ ಪಾಂಡವರು ಇಳಿದುಕೊಳ್ಳದ ಬಂಡೆ ಕರ್ನಾಟಕದಲ್ಲಿ ಉಂಟೇ? ಐರ್ಲೆಂಡಿನಲ್ಲಿ ಆ ಭಾಗ್ಯ ಡೀರ್ಮುದ್ ಮತ್ತು ಗ್ರಾನ್ಯ ಎಂಬ ಪ್ರೇಮಿಗಳದು. ಮುದಿ ನಾಯಕನಿಗೆ ನಿಶ್ಚಯವಾಗಿದ್ದ ಹುಡುಗಿ ಅವನ ಪಡೆಯ ತರುಣನೊಂದಿಗೆ ಓಡಿಹೋದಳು. ರಾತ್ರಿಗೊಂದು ಜಾಗದಲ್ಲಿ ಮಲಗಿದರು. ಹಾಗಾಗಿ ದೇಶದಲ್ಲೆಲ್ಲ ಕಲ್ಲುಮಂಚಗಳು ಅವರ ಹಾಸಿಗೆಯಾದವು. ಆರೋ ಸರೋವರದ ಆಚೆ ದಡದಲ್ಲಿ ಲಾಬಿಬಂಡೆ ಎಂಬುದೊಂದಿದೆ. ಹಾಸಿಗೆ ಎಂಬ ಐರಿಷ್ ಶಬ್ದವೇ ಲಾಬಿಯಾಗಿದೆ. ಅದರ ಮೇಲ್ಚಾವಣಿಯ ಕಲ್ಲು ಒಂದೇ ಸುಮಾರು 70 ಟನ್ನು ಎಂದು ಅಂದಾಜು. ಓಡಿಹೋಗುತ್ತಿದ್ದವರು ಒಂದು ರಾತ್ರಿಗಾಗಿ ಇಷ್ಟು ಶ್ರಮಪಟ್ಟರೆಂದರೆ ಪ್ರೇಮವೇ ಇರಬೇಕು.

ನಗುತ್ತೇವೆ. ಆದರೆ ಸರ್ಕಾರದ ಹಲಗೆಗಳು ಬರುವ ಎಷ್ಟೋ ಮೊದಲಿನಿಂದ ಈ ಕಲ್ಲುಗಳನ್ನು ಕಾದದ್ದು ಇಂಥ ಕಥೆಗಳು. ಐರ್ಲೆಂಡಿನ ಹೊಲಗಳಲ್ಲಿ ದುಂಡಗಿನ ಹಳೆಯ ಮಣ್ಣುದಿಣ್ಣೆಗಳಿವೆ; ಅವು ಯಕ್ಷಿಣಿಯರ ಕೋಟೆಯೆಂದು ರೈತರು ನೇಗಿಲನ್ನು ಸುತ್ತುಹಾಕಿಸಿಕೊಂಡು ಬಂದರು. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನ್ ಎಂಬಲ್ಲಿ ಹೊಸ ರಸ್ತೆಗೆ ಒಂದು ಒಂಟಿ ಮುಳ್ಳುಗಿಡ ಅಡ್ಡ ಬಂತು. ಅದು ಯಕ್ಷಿಣಿಯರು ಸೇರುವ ಗಿಡ, ಕಡಿಯಬಾರದು ಎಂದು ಎಡ್ಡಿ ಲೆನಿಹನ್ ಎಂಬ ಕಥೆಗಾರರು ಪತ್ರಿಕೆಗಳಿಗೆ ಬರೆದು ಗಲಾಟೆ ಎಬ್ಬಿಸಿದರು. ಗಿಡ ಉಳಿಯಿತು. ರಸ್ತೆಯ ನಟ್ಟನಡುವೆ ಮುನೇಶ್ವರನಿಗೆ ಜಾಗ ಬಿಟ್ಟು ಎರಡಾಗಿ ಹರಿಯುವ ನಮ್ಮ ಬೆಂಗಳೂರಿನ ಬೀದಿಗಳನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ನಾನು ಮುನೇಶ್ವರನ ಭಕ್ತನೇನೂ ಅಲ್ಲ. ಆದರೆ ಆ ಕೆರೆಯ ಹಿಂದಿನ ಹೊಂಗೆಗೆ ಯಾರಾದರೂ ಒಂದು ಅರಿಸಿನದ ದಾರ ಕಟ್ಟಿ ಹೋಗಿದ್ದರೆ ಎಂದು ಅನ್ನಿಸಿದ್ದುಂಟು.

ಹತ್ತು ಗಂಟೆಗೆ ಐದು ನಿಮಿಷವಿರುವಾಗ 'ಜಿ'ಯ ಬಾಗಿಲಿಗೆ ಬಂದೆವು. ಸೂರ್ಯ ಸಮುದ್ರದ ಕಡೆಯ ಬೆಟ್ಟಗಳ ಮೇಲೆ ಕೆಂಪಗೆ ಕೂತಿದ್ದ. ನಾನು ಒಳಗೆ ಹೋಗಲಿಲ್ಲ. ಹೆಂಡತಿಯ ಸ್ನಾನದ ಕಾನೂನು ಒಂದು ಕಾರಣ. ಕಲ್ಲುಗಳು ಹಳೆಯವು, ಬಂದವರೆಲ್ಲ ತೆವಳಿ ಸವೆಸಬಾರದೆಂಬುದು ಇನ್ನೊಂದು. ಬುದ್ಧಿಯಿಲ್ಲದವರು ಇಲ್ಲಿಯ ಕಲ್ಲಿನ ಮೇಲೆ ಹೆಸರು ಗೀಚಿದ್ದೂ ಉಂಟು. ಬಾಗಿಲ ಮುಂದೆ ಮಂಡಿಯೂರಿ ಬಗ್ಗಿ ನೋಡಿದೆ. ಒಳಗೆ ಕತ್ತಲೆ. ನನ್ನ ಬೆನ್ನ ಹಿಂದೆ ಸೂರ್ಯ. ಬಾಗಿಲಿಗೆ ನನ್ನ ದೇಹವೇ ಅಡ್ಡ. ಬೆಳಕಿಗೆ ನಾನೇ ತಡೆಯಾದೆನೆಂದು ಏಳುವಷ್ಟರಲ್ಲಿ, ನನ್ನ ತಲೆಯ ಮೇಲಿನ ಕಂಡಿಯಿಂದ ಕಿತ್ತಳೆಯ ಬಣ್ಣದ ಒಂದು ಪಟ್ಟಿ ಒಳಕ್ಕೆ ಇಳಿಯಿತು. ಬಾಗಿಲಲ್ಲಿ ಯಾರು ಕುಳಿತಿದ್ದರೂ ಅದಕ್ಕೆ ಲೆಕ್ಕವಿಲ್ಲ. ಬಾಗಿಲು ಮನುಷ್ಯರಿಗೆ, ಕಂಡಿ ಬೆಳಕಿಗೆ; ಎರಡನ್ನೂ ಬೇರೆ ಬೇರೆ ಇಟ್ಟಿದ್ದರು. ಪಟ್ಟಿ ಹಿಂಬದಿಯ ಗೂಡಿನ ಕಲ್ಲಿನ ಮೇಲೆ ಬಿದ್ದು ನಿಂತಿತು. ಗೂಡು ಖಾಲಿ.

ಹಿಂದೆ ಯಾರೋ ಮಂಡಿಯೂರಿದ ಸದ್ದು. ನನ್ನಾಕೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಭುಜದ ಪಕ್ಕದಿಂದ ನೋಡಿದಳು. ಬೆಳಕು ಮಾಸುವವರೆಗೂ ನೋಡಿದಳು. ಸ್ನಾನದ ಮಾತು ನಾನು ಎತ್ತಲಿಲ್ಲ.

ಆ ರಾತ್ರಿ ಹತ್ತಿರದ ಊರಿನಲ್ಲಿ ತಂಗಿ, ಮಾರನೆಯ ದಿನ ಸರೋವರದ ಉತ್ತರಕ್ಕಿರುವ ಹೀಪ್ಸ್‌ಟೌನಿನ ಕಲ್ಲುರಾಶಿಯನ್ನು ನೋಡಿದೆವು. ಇದು ಬೆಟ್ಟದ ಮೇಲಲ್ಲ, ಗದ್ದೆಗಳ ನಡುವೆ, ರಸ್ತೆಗೆ ಅಂಟಿಕೊಂಡಿದೆ. ಅಡ್ಡಳತೆ 60 ಮೀಟರಿನಷ್ಟು. ಮೇಲೆ ಮರ ಬೆಳೆದಿದೆ. ಹಿಂದೆ ಇನ್ನೂ ದೊಡ್ಡದಿತ್ತಂತೆ. ಕಳೆದ ಶತಮಾನಗಳಲ್ಲಿ ರಸ್ತೆಗೆ, ಗೋಡೆಗೆ ಎಂದು ಕಲ್ಲು ಹೊತ್ತರು. ಬೆಟ್ಟದ ಮೇಲಿನ ಕಲ್ಲು ಹೊರಲು ದೂರ, ಇದು ಹತ್ತಿರ. ಕಥೆ ಎಷ್ಟೇ ಗಟ್ಟಿಯಿದ್ದರೂ ಗಾಡಿ ನಿಲ್ಲಿಸಲು ಜಾಗವಿದ್ದರೆ ಸೋಲುತ್ತದೆ. ಇದಕ್ಕಿರುವ ಕಥೆಯಾದರೂ ಸಣ್ಣದಲ್ಲ. ದೇವತೆಗಳಿಗೂ ಫೋಮೋರಿಯನ್ನರೆಂಬ ರಾಕ್ಷಸರಿಗೂ ಈ ಬಯಲಿನಲ್ಲಿ ಯುದ್ಧವಾಯಿತು. ದೇವವೈದ್ಯ ಇಲ್ಲಿದ್ದ ಒಂದು ಬಾವಿಗೆ ಮೂಲಿಕೆಗಳನ್ನು ಹಾಕಿ, ಗಾಯಗೊಂಡವರನ್ನು ಅದರಲ್ಲಿ ಮುಳುಗಿಸಿ ಬದುಕಿಸುತ್ತಿದ್ದ. ಅದನ್ನು ತಿಳಿದ ರಾಕ್ಷಸರು ಒಬ್ಬೊಬ್ಬರೂ ನದಿಯಿಂದ ಒಂದೊಂದು ಕಲ್ಲು ತಂದು ಬಾವಿಯ ಮೇಲೆ ಹಾಕಿ ಮುಚ್ಚಿದರು. ಆ ಕಲ್ಲುಗಳೇ ಈ ರಾಶಿ.

ರಾಶಿಯ ಅಂಚಿನಿಂದ ಒಂದು ಕಲ್ಲು ಉರುಳಿ ಹುಲ್ಲಿನ ಮೇಲೆ ಬಿದ್ದಿತ್ತು. ತೆಂಗಿನಕಾಯಿಯಷ್ಟು ದಪ್ಪ. ನನ್ನಾಕೆ ಅದನ್ನು ಎರಡೂ ಕೈಯಿಂದ ಎತ್ತಿ, ಮಣ್ಣು ಒರೆಸಿ, ರಾಶಿಯ ಮೇಲೆ ಅಲುಗದ ಹಾಗೆ ಕೂರಿಸಿದಳು.

"ಸರಿ ಹೋಯಿತು. ಬಾವಿ ಮುಚ್ಚಿದ ರಾಕ್ಷಸರ ಪಕ್ಷಕ್ಕೆ ಸೇರಿದೆ" ಎಂದೆ.

"ಕೆಳಗಿನ ನೀರು ಒಣಗಿಲ್ಲವಂತಾ? ಮಗಳನ್ನು ಕೇಳಿ" ಎಂದಳು.

ಮಗಳು ರಸ್ತೆಯ ಬದಿಯಲ್ಲಿ ಕಾರು ತಿರುಗಿಸುತ್ತಿದ್ದಳು. ಮತ್ತೆ ಮೆತ್ತನೆಯ ದಿನ ಶುರುವಾಗಿತ್ತು.